ಹಳೇ ಪದ್ಮಿನಿ ಮೇಲೆ ಮರ ಬಿತ್ತು, ಆಫೀಸಿನವರು ಟೋಟಲ್ ಲಾಸ್ ಅಂತಿದ್ದಾರೆ. ಹಳೇ ಕಾರಿಗೆ ಕ್ಲೇಮ್ ಮಾಡಿದವರು ಇದ್ದೀರಾ?

ಟಿಳಕವಾಡಿ ಪದ್ಮಿನಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ್ರಿ. ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಮೊನ್ನೆಯ ಗಾಳಿಮಳೆಗೆ ಮನೆ ಮುಂದಿನ ಗುಲ್‌ಮೊಹರ್ ಮರದ ದೊಡ್ಡ ಕೊಂಬೆ ಮುರಿದು ಕಾರಿನ ಮೇಲೆ ಬಿತ್ತು. ಬಾನೆಟ್ ನಡುವೆ ಮಡಚಿಕೊಂಡಿದೆ. ಎಡಗಡೆ ಮಡ್‌ಗಾರ್ಡ್, ಗ್ರಿಲ್, ಮುಂದಿನ ಗಾಜು ಹೋಗಿವೆ. ಇಂಜಿನ್‌ಗೆ ಏನೂ ಆಗಿಲ್ಲ, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿದೆ.

ಪ್ಯಾಕೇಜ್ ಪಾಲಿಸಿ (ನಮ್ಮ ಗಾಡಿಯ ನಷ್ಟವೂ, ಬೇರೆಯವರ ನಷ್ಟವೂ ಸೇರಿದ್ದು) ಇದೆ, ಐಡಿವಿ (ಪಾಲಿಸಿಯಲ್ಲಿ ಬರೆದಿರುವ ಗಾಡಿಯ ಬೆಲೆ) 1 ಲಕ್ಷ. ಆರ್‌ಸಿ ಚಾಲ್ತಿಯಲ್ಲಿದೆ. ಗ್ಯಾರೇಜಿನವರು 90,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಇನ್ಶೂರೆನ್ಸ್ ಆಫೀಸಿನಲ್ಲಿ ಕೂತವರು ಅದನ್ನು ನೋಡಿದವರೇ, "ಇದು ಐಡಿವಿಯ 75% ದಾಟಿತು, ಟೋಟಲ್ ಲಾಸ್ (ಗಾಡಿ ಪೂರ್ತಿ ಹೋದ ಲೆಕ್ಕ) ಆಗುತ್ತೆ. ಗಾಡಿ ನಮಗೆ ಬಿಟ್ಟುಕೊಡಿ, ಇಲ್ಲಾ ಸಾಲ್ವೇಜ್ (ಹಾಳಾದ ಗಾಡಿಯ ಈಗಿನ ಬೆಲೆ) 40,000 ಕಳೆದು ಉಳಿದದ್ದು ತಗೊಳ್ಳಿ" ಅಂದರು. ಒಂದು ಒಪ್ಪಿಗೆ ಪತ್ರವನ್ನೂ ಮುಂದಿಟ್ಟರು.

ಅಪ್ಪ ಹೊಸದಾಗಿ ತಂದ ಕಾರು ಇದು. ಬಿಟ್ಟುಕೊಡುವ ಮಾತೇ ಇಲ್ಲ. ರಿಪೇರಿ ಕ್ಲೇಮ್ ಆಗಿ ಪಾಸ್ ಮಾಡಿಸೋಕೆ ದಾರಿ ಇದೆಯಾ?

ಗೋಳಗುಮ್ಮಟ ಅಂಬಾಸಿಡರ್ (ವಿಜಯಪುರ)

ಅಣ್ಣಾ, ಮೊದಲ ಮಾತು: ಆ ಒಪ್ಪಿಗೆ ಪತ್ರಕ್ಕೆ ಈಗಲೇ ಸಹಿ ಹಾಕಬೇಡ್ರಿ. ಬಾಯಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿ ಕೊಡಿ ಅಂತ ಕೇಳ್ರಿ. ನಷ್ಟ ಲೆಕ್ಕ ಹಾಕೋ ಸರ್ವೇಯರ್ ಬಂದು ಗಾಡಿ ನೋಡಿದಾರಾ? ಅವರ ವರದಿ ಬರೋದಕ್ಕೆ ಮುಂಚೆ ಕೌಂಟರ್‌ನಲ್ಲಿ ಕೂತವರು ಟೋಟಲ್ ಲಾಸ್ ಅಂತ ಹೇಳೋಕೆ ಬರೋದಿಲ್ಲ.

ನನ್ನ ಅಂಬಾಸಿಡರ್‌ಗೆ ಸೋಲಾಪುರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಹಿಂದಿನಿಂದ ಗುದ್ದಿತ್ತು. ಡಿಕ್ಕಿ ಒಳಗೆ ಹೋಗಿತ್ತು. ಆಗಲೂ ಇದೇ ಕಥೆ. ಗಾಡಿ ವಯಸ್ಸು ಕೇಳಿದ ಕೂಡಲೇ "ಗುಜರಿಗೆ ಹಾಕಿ" ಅನ್ನೋ ಧಾಟಿ. ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿದ ಮೇಲೆ ಮಾತಿನ ವರಸೆ ಬದಲಾಯಿತು.

ಮತ್ತೆ, ಕೊಂಬೆ ಕಡಿದು ತೆಗೆಯೋ ಮುಂಚೆ ಫೋಟೋ ತೆಗೆದಿದ್ದೀರಿ ತಾನೇ?

ಟಿಳಕವಾಡಿ ಪದ್ಮಿನಿ (ಬೆಳಗಾವಿ)

ತೆಗೆದಿದ್ದೇನೆ. ಕೊಂಬೆ ಬಾನೆಟ್ ಮೇಲೆ ಇರುವಾಗಲೇ ನಾಲ್ಕೂ ಕಡೆಯಿಂದ, ನಂಬರ್ ಪ್ಲೇಟ್ ಕಾಣುವ ಹಾಗೆ. ಸರ್ವೇಯರ್ ಇನ್ನೂ ಬಂದಿಲ್ಲ, ನಾಳೆ ಬರ್ತಾರಂತೆ.

ಕ್ಯಾಂಪ್ ರಸ್ತೆ (ಬೆಳಗಾವಿ)

ಬೇಜಾರಾಗಬೇಡಿ, ಆದರೆ ಇಷ್ಟು ಹಳೇ ಗಾಡಿಗೆ ಪ್ಯಾಕೇಜ್ ಪಾಲಿಸಿ ಮಾಡಿಸೋದೇ ದಂಡ ಅನ್ನೋದು ನನ್ನ ಅಭಿಪ್ರಾಯ. ಕಾನೂನಿಗೆ ಬೇಕಾಗಿರೋದು ಥರ್ಡ್ ಪಾರ್ಟಿ ಒಂದೇ. 2022ರ ಜೂನ್ 1ರಿಂದ ಬಂದ ದರದಲ್ಲಿ 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ, ಮೇಲೆ ಜಿಎಸ್‌ಟಿ ಲೆಕ್ಕ. ಪದ್ಮಿನಿ 1089 ಸಿಸಿ, ಇದೇ ಸಾಲಿಗೆ ಬರುತ್ತೆ. ಉಳಿದ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟು ರಿಪೇರಿಗೆ ಬಳಸಬಹುದು. ಝೀರೋ ಡೆಪ್ (ಸವಕಳಿ, ಅಂದರೆ ಹಳತಾದ ಲೆಕ್ಕದ ಕಡಿತ ಇಲ್ಲದ ವಿಮೆ) ಅಂತೂ ಇಂಥ ಗಾಡಿಗೆ ಕೊಡೋದಿಲ್ಲ. ಅರ್ಧ ದುಡ್ಡು ಸವಕಳಿಯಲ್ಲೇ ಹೋಗುತ್ತೆ.

ಗೋಳಗುಮ್ಮಟ ಅಂಬಾಸಿಡರ್ (ವಿಜಯಪುರ)

ಇದನ್ನು ನಾನು ಒಪ್ಪೋದಿಲ್ಲ. ಥರ್ಡ್ ಪಾರ್ಟಿ ಪಾಲಿಸಿ ಬೇರೆಯವರಿಗಾದ ನಷ್ಟ ಕೊಡುತ್ತೆ, ನಮ್ಮ ಗಾಡಿಗೆ ಒಂದು ಪೈಸೆ ಕೊಡೋದಿಲ್ಲ. ನನಗೆ ಗುದ್ದಿದ ಟ್ರ್ಯಾಕ್ಟರ್‌ಗೆ ವಿಮೆ ಇದ್ದರೆ ಅದರ ಮೇಲೆ ಕೇಸ್ ಹಾಕಬಹುದು. ಮರದ ಮೇಲೆ ಯಾರು ಕೇಸ್ ಹಾಕ್ತಾರೆ? ಬೆಂಕಿ, ಕಳವು, ನೆರೆ, ಬಿರುಗಾಳಿ, ಇವೆಲ್ಲಕ್ಕೂ ಓನ್ ಡ್ಯಾಮೇಜ್ (ನಮ್ಮ ಗಾಡಿಯ ನಷ್ಟದ ವಿಮೆ) ಬೇಕೇ ಬೇಕು. 2019ರ ಆಗಸ್ಟ್‌ನಲ್ಲಿ ನಮ್ಮ ಭಾಗದಲ್ಲಿ ನೀರು ನಿಂತು ಎಷ್ಟು ಗಾಡಿ ಹಾಳಾದವು ಅಂತ ನಿಮಗೂ ಗೊತ್ತು.

ನಿವೃತ್ತ ಸರ್ವೇಯರ್ (ಬೆಳಗಾವಿ)

ಟಿಳಕವಾಡಿಯವರೇ, ಲೆಕ್ಕವನ್ನು ಒಂದು ಸಲ ಬಿಡಿಸಿ ನೋಡೋಣ. ಆಮೇಲೆ ನಿಮಗೆ ಯಾರ ಮಾತನ್ನೂ ನಂಬುವ ಅಗತ್ಯ ಇರೋದಿಲ್ಲ.

75% ನಿಯಮ ಪಾಲಿಸಿ ಪುಸ್ತಕದಲ್ಲೇ ಇದೆ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಅದನ್ನು ಟೋಟಲ್ ಲಾಸ್ ಅಂತ ಪರಿಗಣಿಸಬೇಕು. ಆದರೆ ಆ ವಾಕ್ಯದ ನಡುವೆ "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" ಅನ್ನೋ ಮಾತೂ ಇದೆ. ಅಂದರೆ ಸವಕಳಿ ಕಳೆದು ಕಂಪನಿ ನಿಜವಾಗಿ ಕೊಡಬೇಕಾದ ಮೊತ್ತವನ್ನು 75%ಗೆ ಹೋಲಿಸಬೇಕು, ಗ್ಯಾರೇಜಿನ ಎಸ್ಟಿಮೇಟನ್ನಲ್ಲ. ನಾನು ಕೆಲಸ ಮಾಡಿದಷ್ಟು ವರ್ಷವೂ ಹಾಗೆಯೇ ಲೆಕ್ಕ ಹಾಕಿದ್ದೇನೆ. ನಿಮ್ಮ 90,000ದ ಎಸ್ಟಿಮೇಟ್‌ನಲ್ಲಿ ಯಾವುದಕ್ಕೆ ಎಷ್ಟು ಅಂತ ಹಾಕಿ.

ಟಿಳಕವಾಡಿ ಪದ್ಮಿನಿ (ಬೆಳಗಾವಿ)

ಸರ್, ಬಾನೆಟ್, ಮಡ್‌ಗಾರ್ಡ್, ಗ್ರಿಲ್, ಬಂಪರ್, ರಬ್ಬರ್ ಬೀಡಿಂಗ್ ಎಲ್ಲಾ ಸೇರಿ ಪಾರ್ಟ್ಸ್ 32,000. ತಗಡು ಕೆಲಸ ಮತ್ತು ಫಿಟಿಂಗ್ ಕೂಲಿ 24,000. ಪೇಂಟಿಂಗ್ 28,000. ಗಾಜು 6,000.

ನಿವೃತ್ತ ಸರ್ವೇಯರ್ (ಬೆಳಗಾವಿ)

ಸರಿ. 10 ವರ್ಷ ದಾಟಿದ ಗಾಡಿಯ ಲೋಹದ ಪಾರ್ಟ್‌ಗಳಿಗೆ 50% ಸವಕಳಿ. ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೆ ಗಾಡಿ ಹೊಸದಿದ್ದರೂ 50%. ಹಾಗಾಗಿ 32,000ದಲ್ಲಿ 16,000 ಸಿಗುತ್ತೆ. ಕೂಲಿಗೆ ಸವಕಳಿ ಇಲ್ಲ, 24,000 ಪೂರ್ತಿ. ಗಾಜಿಗೂ ಸವಕಳಿ ಇಲ್ಲ, 6,000 ಪೂರ್ತಿ.

ಪೇಂಟಿಂಗ್‌ನಲ್ಲಿ ಬಣ್ಣದ ಸಾಮಾನಿಗೆ ಮಾತ್ರ 50% ಕಳೆಯಬೇಕು. ಬಿಲ್ ಒಟ್ಟಾಗಿ ಇದ್ದರೆ ಅದರ 25% ಭಾಗವನ್ನು ಸಾಮಾನು ಅಂತ ಹಿಡಿಯುತ್ತಾರೆ. 28,000ದ ಕಾಲು ಭಾಗ 7,000, ಅದರಲ್ಲಿ ಅರ್ಧ 3,500 ಹೋಗುತ್ತೆ. 24,500 ಉಳಿಯಿತು. ಬಣ್ಣಕ್ಕೆ ಬೇರೆ, ಕೂಲಿಗೆ ಬೇರೆ ಅಂತ ಬಿಲ್ ಮಾಡಿದ್ದರೆ ಬಣ್ಣದ ಅಷ್ಟೂ ಮೊತ್ತಕ್ಕೆ 50% ಬೀಳುತ್ತಿತ್ತು. ಇದು ಬಹಳ ಜನರಿಗೆ ಗೊತ್ತಿರೋದಿಲ್ಲ.

ಎಲ್ಲಾ ಕೂಡಿದರೆ 70,500. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ನಿಮ್ಮ ಕೈಗೆ 69,500. ಐಡಿವಿಯ 75% ಅಂದರೆ 75,000. ದಾಟಿಲ್ಲ. ಇದು ರಿಪೇರಿ ಕ್ಲೇಮ್. ನಿಮ್ಮ ಜೇಬಿನಿಂದ 20,500 ಹೋಗುತ್ತೆ, ಆದರೆ ಗಾಡಿ ನಿಮ್ಮದಾಗಿಯೇ ಇರುತ್ತೆ.

ಅವರು ಹೇಳಿದಂತೆ 1 ಲಕ್ಷದಲ್ಲಿ ಸಾಲ್ವೇಜ್ 40,000, ಕಡ್ಡಾಯ ಕಡಿತ 1,000 ಕಳೆದು ತಗೊಂಡಿದ್ದರೆ 59,000 ಬರುತ್ತಿತ್ತು. ಅದಕ್ಕಿಂತ ದೊಡ್ಡ ಚಿಂತೆ ಆರ್‌ಸಿಯದು. ಟೋಟಲ್ ಲಾಸ್ ಅಂತ ದಾಖಲಾದರೆ ಎಷ್ಟೋ ಕಂಪನಿಗಳು ಆರ್‌ಸಿ ರದ್ದು ಮಾಡಿಸಿ ಅಂತ ಕೇಳುತ್ತವೆ. ರದ್ದಾದ ಮೇಲೆ ಹಳೇ ಗಾಡಿಯನ್ನು ಮತ್ತೆ ರಸ್ತೆಗೆ ತರೋದು ಭಾರಿ ಕಷ್ಟ. ಮುಂದೆ ಯಾರಿಗಾದರೂ ಟೋಟಲ್ ಲಾಸ್ ಆಗಲೇಬೇಕಾಗಿ ಬಂದರೆ, "ಆರ್‌ಸಿ ಸಮೇತ, ಸಾಲ್ವೇಜ್ ಕಳೆದು" ಅಂತ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.

ನಾಳೆ ಸರ್ವೇಯರ್ ಬಂದಾಗ ಈ ಲೆಕ್ಕದ ಹಾಳೆ ಕೈಯಲ್ಲಿ ಕೊಡಿ. ಜಗಳ ಬೇಡ. ಲೆಕ್ಕ ಗೊತ್ತಿರುವ ಗ್ರಾಹಕ ಅಂದರೆ ಒಳ್ಳೆಯ ಸರ್ವೇಯರ್‌ಗೂ ಖುಷಿಯೇ.

ಉದ್ಯಮಬಾಗ್ ಲೇತ್ (ಬೆಳಗಾವಿ)

ಕಾಕಾ ಹೇಳಿದ ಲೆಕ್ಕ ಬಹಳ ಚಲೋ ಇದೆ. ನಾನು ಬಿಲ್ಲಿನ ವಿಷಯ ಒಂದಿಷ್ಟು ಹೇಳ್ತೀನಿ, ಯಾಕಂದರೆ ಹಳೇ ಕಾರಿನ ಕ್ಲೇಮ್ ಜಾಸ್ತಿ ಸಿಕ್ಕಿಕೊಳ್ಳೋದು ಅಲ್ಲೇ.

ಪದ್ಮಿನಿ ಪಾರ್ಟ್ಸ್ ಶೋರೂಮ್‌ನಲ್ಲಿ ಸಿಗೋದಿಲ್ಲ. ತಯಾರಿಕೆ ನಿಂತೇ ಎರಡು ದಶಕದ ಮೇಲಾಯಿತು. ಬಾನೆಟ್ ಕೊಲ್ಲಾಪುರದಲ್ಲೋ ಮುಂಬೈನಲ್ಲೋ ಹಳೇ ಗಾಡಿ ಬಿಚ್ಚುವವರ ಹತ್ತಿರ ಸಿಗುತ್ತೆ. ಬುಷ್, ಪಿನ್, ಬ್ರ್ಯಾಕೆಟ್ ನಮ್ಮ ಉದ್ಯಮಬಾಗ್‌ನಲ್ಲೇ ಲೇತ್ ಮೇಲೆ ಮಾಡಿ ಕೊಡ್ತೀವಿ. ಇಲ್ಲಿ ಫೌಂಡ್ರಿ ಇವೆ, ಕೈಗಾರಿಕೆ ಇದೆ, ಯಾವ ಹಳೇ ಪಾರ್ಟ್ ಬೇಕಾದರೂ ಅಳತೆ ಕೊಟ್ಟರೆ ಆಗುತ್ತೆ. ಕೆಲಸ ಆಗುತ್ತೆ, ಆದರೆ ಬಿಲ್ ಇರೋದಿಲ್ಲ. ತಗಡು ಕೆಲಸದ ಮಿಸ್ತ್ರಿ ಸಿಗರೇಟ್ ಪ್ಯಾಕಿನ ಹಿಂದೆ ಮೊತ್ತ ಬರೆದು ಕೊಡ್ತಾರೆ. ಕಂಪನಿ ಅದನ್ನು ಒಪ್ಪೋದಿಲ್ಲ.

ಅದಕ್ಕೆ ನಾನು ಹೇಳೋದು: ಕೆಲಸ ಶುರು ಮಾಡೋ ಮುಂಚೆಯೇ ಜಿಎಸ್‌ಟಿ ನಂಬರ್ ಇರುವ ಒಂದು ಗ್ಯಾರೇಜಿಗೆ ಪೂರ್ತಿ ಕೆಲಸ ಒಪ್ಪಿಸಿ. ನಿಮ್ಮ ನಂಬಿಕೆಯ ಮಿಸ್ತ್ರಿಯನ್ನು ಅಲ್ಲೇ ಕರೆಸಿ ಮಾಡಿಸಿ. ಬಿಲ್ ಗ್ಯಾರೇಜ್ ಹೆಸರಲ್ಲಿ ಆಗಲಿ. ಲೇತ್ ಕೆಲಸಕ್ಕೂ ಜಾಬ್ ವರ್ಕ್ ಬಿಲ್ ಕೇಳಿ, ಕೇಳಿದರೆ ಕೊಡ್ತೀವಿ. ಸುಮ್ನೆ ಯಾರೂ ಕೇಳೋದಿಲ್ಲ.

ಬಿಚ್ಚಿದ ಹಳೇ ಬಾನೆಟ್ ಗುಜರಿಗೆ ಮಾರಬೇಡಿ. ಕೆಲಸ ಮುಗಿದ ಮೇಲೆ ಸರ್ವೇಯರ್ ಮತ್ತೆ ನೋಡೋಕೆ ಬಂದಾಗ ಅದನ್ನು ಕೇಳ್ತಾರೆ.

ನಿವೃತ್ತ ಸರ್ವೇಯರ್ (ಬೆಳಗಾವಿ)

ಸರಿಯಾದ ಮಾತು. ಬೇರೆ ಗಾಡಿಯಿಂದ ಬಿಚ್ಚಿದ ಪಾರ್ಟ್ ಹಾಕುವುದಾದರೆ ಅದನ್ನು ಸರ್ವೇಯರ್‌ಗೆ ಮೊದಲೇ ತಿಳಿಸಿ. ಮಾರಿದವರಿಂದ ಹೆಸರು, ವಿಳಾಸ, ಮೊತ್ತ ಇರುವ ರಸೀದಿ ತಗೊಳ್ಳಿ. ಹೊಸ ಪಾರ್ಟ್ ಅಂತ ತೋರಿಸಿದರೆ ಇಡೀ ಕ್ಲೇಮ್‌ಗೆ ಕುತ್ತು ಬರುತ್ತೆ.

ಜಮಖಂಡಿ ಹೆರಾಲ್ಡ್ (ಬಾಗಲಕೋಟೆ ಜಿಲ್ಲೆ)

ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಅಪ್ಪ ಹೋದ ವರ್ಷ ತೀರಿಕೊಂಡರು. ಆರ್‌ಸಿ, ಪಾಲಿಸಿ ಎರಡೂ ಅವರ ಹೆಸರಲ್ಲೇ ಇವೆ. ಪ್ರೀಮಿಯಂ ನಾನೇ ಕಟ್ಟುತ್ತಾ ಬಂದಿದ್ದೇನೆ. ಏನಾದರೂ ಆದರೆ ನನಗೆ ಕ್ಲೇಮ್ ಸಿಗುತ್ತಾ?

ನಿವೃತ್ತ ಸರ್ವೇಯರ್ (ಬೆಳಗಾವಿ)

ಅಕ್ಕಾ, ಇದನ್ನು ಇಂದೇ ಕೈಗೆ ತಗೊಳ್ಳಿ. ಪಾಲಿಸಿದಾರರು ತೀರಿಕೊಂಡರೆ ಆ ಪಾಲಿಸಿ ಮೂರು ತಿಂಗಳು, ಅಥವಾ ಅವಧಿ ಮುಗಿಯೋವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ವಾರಸುದಾರರಿಗೆ ನಡೆಯುತ್ತೆ. ಅಷ್ಟರೊಳಗೆ ಹೆಸರು ಬದಲಾಯಿಸಬೇಕು. ಆಮೇಲೆ ಅಪ್ಪನ ಹೆಸರಲ್ಲಿ ಪ್ರೀಮಿಯಂ ಕಟ್ಟಿದರೂ ನಿಮ್ಮ ಗಾಡಿಗಾದ ನಷ್ಟ ಕೇಳುವಾಗ ಕಂಪನಿ ತಕರಾರು ತೆಗೆಯುತ್ತೆ.

ಮೊದಲು ಆರ್‌ಟಿಒದಲ್ಲಿ ಫಾರ್ಮ್ 31 ಕೊಟ್ಟು ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ. ಮರಣ ಪ್ರಮಾಣಪತ್ರ, ವಾರಸಾ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತೆ. ಆಮೇಲೆ ಪಾಲಿಸಿ ನಿಮ್ಮ ಹೆಸರಲ್ಲಿ. ಹಳೇ ಕಾರು ಕೊಂಡವರಿಗೂ ಇದೇ ಮಾತು: ಮಾರಾಟವಾದ ಮೇಲೆ ಥರ್ಡ್ ಪಾರ್ಟಿ ಭಾಗ ತಾನಾಗಿಯೇ ಹೊಸ ಮಾಲೀಕರಿಗೆ ದಾಟುತ್ತೆ, ಆದರೆ ಓನ್ ಡ್ಯಾಮೇಜ್ ದಾಟೋದಿಲ್ಲ. 14 ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಾಯಿಸಿಕೊಳ್ಳಬೇಕು.

ಜಮಖಂಡಿ ಹೆರಾಲ್ಡ್ (ಬಾಗಲಕೋಟೆ ಜಿಲ್ಲೆ)

ತುಂಬಾ ಉಪಕಾರ ಆಯಿತು ಸರ್. ಸೋಮವಾರವೇ ಆರ್‌ಟಿಒಗೆ ಹೋಗ್ತೀನಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅವಧಿಯೂ ಮುಗಿಯೋಕೆ ಬಂದಿದೆ, ಅದನ್ನೂ ಜೊತೆಗೇ ಮಾಡಿಸ್ತೀನಿ.

ಗೋಳಗುಮ್ಮಟ ಅಂಬಾಸಿಡರ್ (ವಿಜಯಪುರ)

ಅಕ್ಕಾ, ಅದು ಬಹಳ ಮುಖ್ಯ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಬೇಕು. ರಿಜಿಸ್ಟ್ರೇಷನ್ ಇಲ್ಲದೆ ರಸ್ತೆಗೆ ಇಳಿದರೆ ಕ್ಲೇಮ್ ಬಿದ್ದುಹೋಗುತ್ತೆ. 2021ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ ಗಾಡಿ ಕಳುವಾಗಿತ್ತು, ತಾತ್ಕಾಲಿಕ ರಿಜಿಸ್ಟ್ರೇಷನ್ ಮುಗಿದಿತ್ತು. ಕಂಪನಿ ಕೊಡಬೇಕಿಲ್ಲ ಅಂತಲೇ ತೀರ್ಪಾಯಿತು. ಪ್ರೀಮಿಯಂ ಕಟ್ಟಿದ್ದೇವೆ ಅನ್ನೋದೊಂದೇ ಸಾಲದು.

ಮುಧೋಳ ಜೀಪು (ಬಾಗಲಕೋಟೆ ಜಿಲ್ಲೆ)

ನನ್ನ ಹತ್ತಿರ 1960ರ ದಶಕದ ವಿಲ್ಲೀಸ್ ಜೀಪು ಇದೆ. ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿದರೆ ವಿಮೆಗೆ ಅನುಕೂಲ ಅಂತ ಒಬ್ಬರು ಹೇಳಿದರು. ಹೌದೇನ್ರಿ?

ನಿವೃತ್ತ ಸರ್ವೇಯರ್ (ಬೆಳಗಾವಿ)

ಅನುಕೂಲ ಇದೆ, ಕಟ್ಟುಪಾಡೂ ಇದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಚಾಸಿಸ್, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ಅಂತ ನೋಂದಣಿ ಸಿಗುತ್ತೆ. ಶುಲ್ಕ 20,000, ಅವಧಿ 10 ವರ್ಷ, ಮತ್ತೆ ನೋಂದಣಿಗೆ 5,000. ನಂಬರ್‌ನಲ್ಲಿ ವಿಎ ಅಂತ ಬರುತ್ತೆ. 2022ರ ದರಪಟ್ಟಿಯಲ್ಲಿ ಹೀಗೆ ನೋಂದಣಿಯಾದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ.

ಆದರೆ ಆ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಂಥವಕ್ಕೆ ಮಾತ್ರ. ನೀವು ಜೀಪಿನಲ್ಲಿ ದಿನಾ ಹೊಲಕ್ಕೆ ಹೋಗುವವರಾದರೆ ಬೇಡವೇ ಬೇಡ. ಹೊಲದ ದಾರಿಯಲ್ಲಿ ಅಪಘಾತವಾದರೆ ಷರತ್ತು ಮುರಿದಿದ್ದೀರಿ ಅನ್ನೋ ಪ್ರಶ್ನೆ ಮೊದಲು ಬರುತ್ತೆ.

ಇನ್ನೊಂದು ಗೊಂದಲ ಬಗೆಹರಿಸಿಬಿಡ್ತೀನಿ. 2002ರ ಮೋಟಾರ್ ಟ್ಯಾರಿಫ್‌ನಲ್ಲಿ (ಗಾಡಿ ವಿಮೆಯ ದರ, ನಿಯಮಗಳ ಪುಸ್ತಕ) ವಿಂಟೇಜ್ ಕಾರು ಅಂದರೆ 1940ರ ಡಿಸೆಂಬರ್ 31ಕ್ಕಿಂತ ಮುಂಚೆ ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಇರುವ ಕಾರು. ಒಪ್ಪಂದದ ಬೆಲೆಯ ಪಾಲಿಸಿ ಅಂತ ಅಲ್ಲಿ ಹೇಳಿರೋದು ಅವಕ್ಕೆ ಮಾತ್ರ. ನಿಮ್ಮ ಜೀಪು, ಇವರ ಪದ್ಮಿನಿ ಆ ಸಾಲಿಗೆ ಬರೋದಿಲ್ಲ.

ಮತ್ತೆ, ರ‍್ಯಾಲಿಗೆ ಹೋಗುವವರು ಒಂದು ವಾರ ಮುಂಚೆಯೇ ಕಂಪನಿಗೆ ಬರೆದು ಕೇಳಿ. ಸಾಮಾನ್ಯ ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಸೇರಿರೋದಿಲ್ಲ. ರ‍್ಯಾಲಿಗೆ ಬೇರೆ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತು) ಇದೆ, ಹೆಚ್ಚಿನ ಪ್ರೀಮಿಯಂ ಕಟ್ಟಿ ತಗೋಬಹುದು.

ಮುಧೋಳ ಜೀಪು (ಬಾಗಲಕೋಟೆ ಜಿಲ್ಲೆ)

ಹಾಗಾದರೆ ನಮಗೆ ಬೆಲೆ ನಿಗದಿ ಮಾಡೋರು ಯಾರು? ನನ್ನ ಪಾಲಿಸಿಯಲ್ಲಿ ಐಡಿವಿ 30,000 ಅಂತ ಇದೆ. ಜೀಪನ್ನು ಇವತ್ತು ಮಾರಿದರೆ ಅದರ ಎಷ್ಟೋ ಪಟ್ಟು ಬರುತ್ತೆ.

ನಿವೃತ್ತ ಸರ್ವೇಯರ್ (ಬೆಳಗಾವಿ)

ಇದೇ ನೋಡಿ ಅಸಲು ವಿಷಯ. ಗಾಡಿಗೆ 5 ವರ್ಷ ಆಗೋವರೆಗೆ ಐಡಿವಿಗೆ ಪಟ್ಟಿ ಇದೆ, ನಾಲ್ಕರಿಂದ ಐದನೇ ವರ್ಷಕ್ಕೆ 50% ಸವಕಳಿ. 5 ವರ್ಷ ದಾಟಿದ ಗಾಡಿಗೂ, ತಯಾರಿಕೆ ನಿಂತ ಮಾಡೆಲ್‌ಗೂ ಆ ಪಟ್ಟಿ ಇಲ್ಲ. ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿದ ಮೊತ್ತವೇ ಐಡಿವಿ. ಒಮ್ಮೆ ಬರೆದ ಮೇಲೆ ಆ ಪಾಲಿಸಿ ಅವಧಿಯಲ್ಲಿ ಟೋಟಲ್ ಲಾಸ್‌ಗೂ ಕಳವಿಗೂ ಅದೇ ಮಾರುಕಟ್ಟೆ ಬೆಲೆ, ಮತ್ತೆ ಸವಕಳಿ ಕಳೆಯುವಂತಿಲ್ಲ.

ಆದರೆ ನಡೆಯೋದು ಏನು? ಪ್ರತಿ ವರ್ಷ ಕಂಪ್ಯೂಟರ್ ಹತ್ತು ಪರ್ಸೆಂಟ್ ಇಳಿಸುತ್ತೆ, ಏಜೆಂಟ್ ಅದನ್ನೇ ಒತ್ತುತ್ತಾರೆ, ಮಾಲೀಕರಿಗೆ ಪ್ರೀಮಿಯಂ ಕಡಿಮೆಯಾಯಿತು ಅಂತ ಸಮಾಧಾನ. 30,000 ಐಡಿವಿಯ 75% ಎಷ್ಟು? 22,500. ಒಂದು ಬಾಗಿಲು ಜಜ್ಜಿ ಪೇಂಟ್ ಹೋದರೂ ನಿಮ್ಮ ಜೀಪು ಟೋಟಲ್ ಲಾಸ್ ಅಂಚಿಗೆ ಬರುತ್ತೆ. ಕಳುವಾದರೆ 30,000ಕ್ಕಿಂತ ಒಂದು ರೂಪಾಯಿ ಜಾಸ್ತಿ ಬರೋದಿಲ್ಲ.

ನವೀಕರಣಕ್ಕೆ ಒಂದು ತಿಂಗಳು ಇರುವಾಗಲೇ ಬ್ರಾಂಚ್ ಆಫೀಸಿಗೆ ಹೋಗಿ. ಆನ್‌ಲೈನ್‌ನಲ್ಲಿ ಇಷ್ಟು ಹಳೇ ಗಾಡಿಗೆ ಹೆಚ್ಚಾಗಿ ಥರ್ಡ್ ಪಾರ್ಟಿ ಮಾತ್ರ ತೋರಿಸುತ್ತೆ. ಲೈಸೆನ್ಸ್ ಇರುವ ಸರ್ವೇಯರ್‌ರಿಂದ ವ್ಯಾಲ್ಯುಯೇಷನ್ ವರದಿ ಮಾಡಿಸಿ. ಗಾಡಿ ಕಟ್ಟಿಸಿದ ಬಿಲ್‌ಗಳು, ಫೋಟೋಗಳು ಜೊತೆಗಿರಲಿ. ಒಂದು ಬ್ರಾಂಚ್ ಒಪ್ಪದಿದ್ದರೆ ಇನ್ನೊಂದು ಕಡೆ ಕೇಳಿ. ಸರ್ಕಾರಿ ಸ್ವಾಮ್ಯದ ನಾಲ್ಕು ಕಂಪನಿಗಳೂ ಇದ್ದಾವೆ. ಪಾಲಿಸಿ ಮಾತ್ರ ಒಂದು ದಿನವೂ ತಪ್ಪಬಾರದು. 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಪೂರ್ತಿ ಹೋಗುತ್ತೆ.

ಕ್ಯಾಂಪ್ ರಸ್ತೆ (ಬೆಳಗಾವಿ)

ಐಡಿವಿ ವಿಷಯ ನನಗೆ ಹೊಸದು. ಬೆಲೆ ಸರಿಯಾಗಿ ಬರೆಸೋದಾದರೆ ಪ್ಯಾಕೇಜ್ ಪಾಲಿಸಿಗೆ ಅರ್ಥ ಇದೆ, ಒಪ್ತೀನಿ. 30,000, 40,000ದ ಐಡಿವಿಗೆ ಕಟ್ಟೋದು ದಂಡ ಅನ್ನೋ ಮಾತನ್ನಂತೂ ಬಿಡೋದಿಲ್ಲ.

ಟಿಳಕವಾಡಿ ಪದ್ಮಿನಿ (ಬೆಳಗಾವಿ)

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಸರ್ವೇಯರ್ ಬಂದು ಹೋದರು. ಲೆಕ್ಕದ ಹಾಳೆ ಕೊಟ್ಟೆ. ಬಾನೆಟ್ ಎತ್ತಿ, ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡರು. ರೇಡಿಯೇಟರ್ ಕೆಳಗೆ ಟಾರ್ಚ್ ಹಾಕಿ, ಮುಂದಿನ ಕ್ರಾಸ್ ಮೆಂಬರ್ ಬಾಗಿದೆಯಾ ಅಂತ ದಾರ ಹಿಡಿದು ನೋಡಿದರು. ಬಾಗಿಲ್ಲ. ರಬ್ಬರ್ ಬೀಡಿಂಗ್‌ನಲ್ಲಿ ಒಂದು ಭಾಗ ಮೊದಲೇ ಒಣಗಿ ಬಿರುಕು ಬಿಟ್ಟಿತ್ತು ಅಂತ ಅದನ್ನು ಹೊರಗೆ ಹಾಕಿದರು, ಅದು ನ್ಯಾಯವೇ. ರಿಪೇರಿ ಆಧಾರದ ಮೇಲೆ ವರದಿ ಬರೆಯುತ್ತೇನೆ ಅಂದಿದ್ದಾರೆ.

ಆಫೀಸಿನವರು ಮತ್ತೆ ಟೋಟಲ್ ಲಾಸ್ ಅಂದರೆ ಮುಂದೇನು?

ನಿವೃತ್ತ ಸರ್ವೇಯರ್ (ಬೆಳಗಾವಿ)

ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐಯ 2024ರ ಸುತ್ತೋಲೆಯಂತೆ ಸರ್ವೇಯರ್ ನೇಮಕವಾದ 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ತಕರಾರು ಇದ್ದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐಯ ದೂರು ತಾಣ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು, ಫೋನ್ ನಂಬರ್ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ವಿಮೆ ದೂರು ತೀರ್ಮಾನಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಫೀ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವಿಷಯ ನೋಡ್ತಾರೆ. ಒಂದು ವರ್ಷದೊಳಗೆ ಹೋಗಬೇಕು. ಜಿಲ್ಲಾ ಗ್ರಾಹಕರ ಆಯೋಗವೂ ಇದೆ, ಅಲ್ಲಿಗೆ ಎರಡು ವರ್ಷ ಅವಕಾಶ.

ಟಿಳಕವಾಡಿ ಪದ್ಮಿನಿ (ಬೆಳಗಾವಿ)

ರಿಪೇರಿ ಕ್ಲೇಮ್ ಅಂತಲೇ ಮಂಜೂರಾಗಿ ಇಮೇಲ್ ಬಂತು ಸರ್. ಬೀಡಿಂಗ್ ಮೊತ್ತ ಕಡಿದು ಉಳಿದದ್ದು ನಿಮ್ಮ ಲೆಕ್ಕದಂತೆಯೇ ಇದೆ. ಬಾನೆಟ್ ಕೊಲ್ಲಾಪುರದಲ್ಲಿ ಸಿಕ್ಕಿದೆ, ರಸೀದಿ ತಗೊಂಡಿದ್ದೇನೆ. ಇನ್ನು ನವೀಕರಣಕ್ಕೆ ವ್ಯಾಲ್ಯುಯೇಷನ್ ಮಾಡಿಸಬೇಕು. ಪೇಂಟ್ ಆದ ಮೇಲೆ ಮಾಡಿಸಲೋ, ಈಗಲೋ?

ನಿವೃತ್ತ ಸರ್ವೇಯರ್ (ಬೆಳಗಾವಿ)

ಪೇಂಟ್ ಆದ ಮೇಲೆ. ಮಳೆ ಹಿಡಿದಿರುವಾಗ ಪೇಂಟ್ ಮಾಡಿಸಬೇಡಿ, ಪುಟ್ಟಿ ಸರಿಯಾಗಿ ಒಣಗೋದಿಲ್ಲ. ಬೂತ್ ಇರುವ ಗ್ಯಾರೇಜ್ ಆದರೆ ಪರವಾಗಿಲ್ಲ. ವ್ಯಾಲ್ಯುಯೇಷನ್ ದಿನ ಈ ಕ್ಲೇಮ್‌ನ ಬಿಲ್‌ಗಳನ್ನೂ ತೋರಿಸಿ.